ನಾಯಿಮರಿಯೂ ಎರಡನೆಯ ಒಲವೂ

ಇಂಗ್ಲಿಷಿನಲ್ಲಿ ಈಗ ಒಂದು ಬಗೆಯ ಕಾದಂಬರಿಗಳು ಹೇರಳವಾಗಿ ಹೊರಡುತ್ತಿವೆ. ಒಲಿದು ಅಗಲಿದ ಇಬ್ಬರು ಗಂಡಸರು ವರ್ಷಗಳ ಮೇಲೆ ಮತ್ತೆ ಸಂಧಿಸುವರು; ನಡುವೆ ಬೀದಿಯಿಂದ ಎತ್ತಿ ತಂದ ನಾಯಿಮರಿಯೊಂದು; ಅದರ ಆರೈಕೆಯ ನೆಪದಲ್ಲಿ ಮುರಿದ ಮನಗಳು ಕೂಡುವುವು. ಅಂಥದೊಂದನ್ನು ಕವಿತಾಳದ ನಮ್ಮ ಮನೆಯಲ್ಲಿ ಓದಿ ಮುಗಿಸಿದಾಗ ನೆನಪಾದುದು ಕನ್ನಡದ ‘ಮೋಹನಸ್ವಾಮಿ’.

2013ರಲ್ಲಿ ಪ್ರಕಟವಾದ ಈ ಕಥಾಸಂಕಲನವನ್ನು ಬರೆದ ವಸುಧೇಂದ್ರರು ದೂರದವರಲ್ಲ, ನೆರೆಯ ಬಳ್ಳಾರಿ ಸೀಮೆಯ ಸಂಡೂರಿನವರು. ಇಲ್ಲಿ ಒಲಿದ ಕಾರ್ತಿಕನು ಹೆಣ್ಣೊಬ್ಬಳನ್ನು ಮದುವೆಯಾಗಿ ದೂರವಾಗುತ್ತಾನೆ. ಮೋಹನಸ್ವಾಮಿಗೆ ಉಳಿಯುವುದು ಅವಮಾನವನ್ನು ನುಂಗಿಕೊಂಡು ಬದುಕುವ ಕೆಲಸ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಇಂಥವರ ಕೂಟವನ್ನು ಮತ್ತೆ ಅಪರಾಧವೆಂದಿತು. 2018ರ ಸೆಪ್ಟೆಂಬರ್ 6ರಂದು ತನ್ನ ತೀರ್ಪನ್ನು ತಾನೇ ತೊಡೆದುಹಾಕಿತು. ನ್ಯಾಯಪೀಠಕ್ಕೂ ಎರಡನೆಯ ಅವಕಾಶ ಬೇಕಾಯಿತೆನ್ನೋಣ!

ಇಂಗ್ಲಿಷಿನ ಸವಿಗಿಂತ ಕನ್ನಡದ ಕಹಿಯೇ ನಮಗೆ ನಿಜವೆನಿಸಿತು. ಆದರೂ ಸವಿಯನ್ನು ಹಗುರವೆಂದು ತಳ್ಳಿಬಿಡಲು ಮನಸ್ಸು ಬಾರದು. ಮರಳಿ ಕೂಡುವ ಕಥೆಯನ್ನು ನಮ್ಮ ಭಾಷೆಯಲ್ಲಿ ಇಂಥ ಮಕ್ಕಳಿಗೆ ಎಷ್ಟು ಮಂದಿ ಹೇಳಿದ್ದಾರೆ?

ನಮ್ಮ ಮನೆಯ ಹಿರಿಯಮ್ಮನವರಿಗೆ ಎಂಬತ್ತು ದಾಟಿದೆ. ನಾಯಿಮರಿಯ ಕಥೆಯನ್ನು ಹೇಳಿದಾಗ ನಕ್ಕಿದ್ದರು. ಮೋಹನಸ್ವಾಮಿಯ ಕಥೆಗೆ ಗದರುವರೆಂದು ಅಂಜುತ್ತಲೇ ಓದಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಅವ ಹೋದ ರಾತ್ರಿ ಈ ಹುಡುಗ ಉಂಡನೇನು?” ಎಂದು ಕೇಳಿದರು. ಕಥೆಯಲ್ಲಿ ಅದನ್ನು ಹುಡುಕಬೇಕೆಂದೆವು.

“ಹುಡುಕೋದೇನು ಬಂತು! ಒಂದು ನಾಯಿಮರೀನಾದ್ರೂ ಅವನಿಗೆ ಕೊಡಬೇಕಿತ್ತು,” ಎಂದರು.