ಜ್ವರ ಬಿಟ್ಟ ದಿವಸ

ಮನೆಯಲ್ಲಿ ಮಗುವಿಗೆ ಜ್ವರ ಬಂದಿತೆಂದರೆ ಹಿರಿಯರೆಲ್ಲರ ಮನಸ್ಸೂ ಒಂದೇ ಕಡೆಗೆ ತಿರುಗಿರುತ್ತದೆ: ಅದು ಎಂದು ಬಿಟ್ಟೀತು? ಹಣೆ ಮುಟ್ಟಿ ನೋಡುವುದು, ಕತ್ತಿನ ಕೆಳಗೆ ಬೆವರಿನ ಹನಿಯನ್ನು ಹುಡುಕುವುದು, ಕಂಡರೆ ದೇವರಿಗೆ ಕೈಮುಗಿಯುವುದು, ಇವೆಲ್ಲ ತಲೆಮಾರುಗಳಿಂದ ಬಂದ ನಡೆವಳಿಕೆ. ಜ್ವರ ಬಿಟ್ಟಿತೆಂದರೆ ಗಂಡಾಂತರ ಕಳೆಯಿತೆಂದೇ ಅರ್ಥ. ಬಹಳ ಜ್ವರಗಳಲ್ಲಿ ಈ ನಂಬಿಕೆ ನಿಜವೂ ಹೌದು. ಡೆಂಗ್ಯೂ ಜ್ವರದಲ್ಲಿ ಮಾತ್ರ ಅದು ತಲೆಕೆಳಗಾಗುವುದುಂಟು. ಅಲ್ಲಿ ಕಾಯಿಸುವ ದಿನಗಳಿಗಿಂತ ಮೈ ತಣ್ಣಗಾದ ದಿನವೇ ಹೆಚ್ಚು ಭಯಂಕರವಾದುದು.

2024ರ ಮಳೆಗಾಲದಲ್ಲಿ, ಚಿತ್ರದುರ್ಗದ ಕೋಟೆಯ ತಪ್ಪಲಿನ ಒಂದು ಬೀದಿಯಲ್ಲಿ, ಒಬ್ಬ ಪ್ರೌಢಶಾಲೆಯ ಉಪಾಧ್ಯಾಯರ ಮನೆಯಲ್ಲಿ ಈ ದಿನ ಬಂದಿತು. ಆ ವರ್ಷ ರಾಜ್ಯದಲ್ಲೆಲ್ಲ ಡೆಂಗ್ಯೂ ವಿಪರೀತವಾಗಿದ್ದು, ಸೆಪ್ಟೆಂಬರಿನಲ್ಲಿ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಮೇಷ್ಟರು ವಿಜ್ಞಾನದ ಉಪಾಧ್ಯಾಯರು. ಸೊಳ್ಳೆಯ ಜೀವನಚಕ್ರವನ್ನು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಬರೆದು ತೋರಿಸುತ್ತಿದ್ದವರು. ಅವರ ಮಗಳಿಗೆ ಏಳು ವರ್ಷ. ಮನೆಯಲ್ಲಿ ಹೆಂಡತಿ, ಮತ್ತು ಎಂಬತ್ತರ ಸಮೀಪದ ತಾಯಿ.

ಮೊದಲ ದಿನ ಸಂಜೆ ಶಾಲೆಯಿಂದ ಬಂದ ಹುಡುಗಿ ಚೀಲವನ್ನೂ ಇಳಿಸದೆ ಚಾಪೆಯ ಮೇಲೆ ಮಲಗಿಬಿಟ್ಟಳು. ರಾತ್ರಿಯ ಹೊತ್ತಿಗೆ 103 ಡಿಗ್ರಿ. ಕಣ್ಣಿನ ಹಿಂದೆ ನೋವು, ಕಾಲು ನೋವು, ಬೆನ್ನು ನೋವು. ಮಾರನೆಯ ದಿನ ರಕ್ತವನ್ನು ಪರೀಕ್ಷಿಸಿದಾಗ ಡೆಂಗ್ಯೂ ಎಂದು ಗೊತ್ತಾಯಿತು. ಡಾಕ್ಟರು ಹೆಚ್ಚು ಮದ್ದು ಕೊಡಲಿಲ್ಲ. ಈ ವೈರಾಣುವನ್ನು ಕೊಲ್ಲುವ ಮದ್ದೆಂಬುದು ಇನ್ನೂ ಇಲ್ಲವಷ್ಟೆ. ಪ್ಯಾರಾಸಿಟಮಾಲ್ ಒಂದನ್ನೇ ತೂಕಕ್ಕೆ ತಕ್ಕಂತೆ ಕೊಡುವುದು. ಆಸ್ಪಿರಿನ್, ಐಬುಪ್ರೊಫೇನ್ ಮುಂತಾದುವನ್ನು ಮುಟ್ಟಲೇ ಕೂಡದು, ಅವುಗಳಿಂದ ರಕ್ತಸ್ರಾವ ಹೆಚ್ಚಬಹುದು. ಗಂಜಿ, ಎಳನೀರು, ಸಕ್ಕರೆ ಉಪ್ಪು ಬೆರೆಸಿದ ನೀರು, ಏನಾದರೂ ಸರಿ, ಕುಡಿಸುತ್ತಲೇ ಇರುವುದು. ಕೊನೆಯಲ್ಲಿ ಬಾಗಿಲವರೆಗೆ ಬಂದು ಅವರು ಹೇಳಿದ ಮಾತೊಂದಿತ್ತು: “ಜ್ವರ ಇಳಿದ ದಿವಸ ತಪ್ಪದೆ ಕರೆದುಕೊಂಡು ಬನ್ನಿ ಮೇಷ್ಟ್ರೇ, ಏರಿದ ದಿವಸ ಬಾರದಿದ್ದರೂ ಚಿಂತೆಯಿಲ್ಲ.” ಮೇಷ್ಟರು ತಲೆಯಾಡಿಸಿದರು. ಕೇಳಿದ ಮಾತೆಲ್ಲ ಮನಸ್ಸಿಗೆ ಇಳಿಯುವುದೆಂಬ ನಿಯಮವಿಲ್ಲ.

ಅಜ್ಜಿಗೆ ಡಾಕ್ಟರ ಉಪಚಾರ ವಿಚಿತ್ರವೆನಿಸಿತು. ಜ್ವರಕ್ಕೆ ಲಂಘನವೇ ದೊಡ್ಡ ಔಷಧವೆಂದು ಕೇಳಿ ಬೆಳೆದವರು ಅವರು. ಮಗುವಿನ ಬಾಯಿಗೆ ಗಳಿಗೆಗೊಮ್ಮೆ ನೀರು ಹುಯ್ಯುವುದನ್ನು ಕಂಡು, “ಹೊಟ್ಟೆ ತಣ್ಣಗಾದೀತು, ಬಿಡೇ” ಎಂದು ಸೊಸೆಗೆ ಹೇಳುತ್ತಿದ್ದರು. ಆದರೂ ಅಡ್ಡ ಬರಲಿಲ್ಲ. ತಾವಾಗಿ ಒಂದು ರೂಪಾಯಿಯನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ಕೋಟೆಯ ಮೇಲಿನ ಏಕನಾಥೇಶ್ವರಿಗೆ ಮುಡಿಪೆಂದು ದೇವರ ಗೂಡಿನಲ್ಲಿಟ್ಟರು.

ಐದನೆಯ ದಿನ ಬೆಳಗ್ಗೆ ಜ್ವರ ಬಿಟ್ಟಿತು.

ಆ ಬೆಳಗಿನ ಸಂತೋಷವನ್ನು ವಿವರಿಸಬೇಕಾದುದಿಲ್ಲ. ಮಕ್ಕಳಿರುವ ಮನೆಗಳಿಗೆಲ್ಲ ಅದು ಗೊತ್ತು. ಥರ್ಮಾಮೀಟರಿನಲ್ಲಿ 98 ಡಿಗ್ರಿ. ಅಜ್ಜಿ ದೀಪ ಹಚ್ಚಿದರು. ಮೆಣಸಿನ ಸಾರಿಗೆ ಒಗ್ಗರಣೆ ಬಿದ್ದಿತು. ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದ ಮೇಷ್ಟರು ಶಾಲೆಗೆ ಹೊರಟರು. “ಮಲಗಿರಲಿ ಬಿಡು, ಆಯಾಸ ತೀರಲಿ, ಆಸ್ಪತ್ರೆಗೆ ನಾಳೆ ಹೋದರಾಯಿತು” ಎಂದು ಹೆಂಡತಿಗೆ ಹೇಳಿದರು. ಮಗು ಮಲಗಿಯೇ ಇತ್ತು. ಮಧ್ಯಾಹ್ನವೂ ಮಲಗಿತ್ತು. ಎಬ್ಬಿಸಿದರೆ ಎರಡು ತುತ್ತು ಉಂಡು ವಾಂತಿ ಮಾಡಿತು. ಹೊಟ್ಟೆ ನೋಯುತ್ತದೆ ಎಂದು ಗೋಡೆಯ ಕಡೆಗೆ ಹೊರಳಿತು.

ತಾಯಂದಿರು ನೋಡುವ ರೀತಿಯೇ ಬೇರೆ. ಆಕೆಗೆ ಹೆಮಟೋಕ್ರಿಟ್ಟೆಂಬ ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೆ: ಬೆಳಗಿನಿಂದ ಮಗು ಒಂದು ಸಲವೂ ಮೂತ್ರಕ್ಕೆ ಎದ್ದಿಲ್ಲ, ಮತ್ತು ಹೊದಿಕೆಯೊಳಗಿದ್ದರೂ ಅಂಗಾಲು ಕಲ್ಲಿನಂತೆ ತಣ್ಣಗಿದೆ. ಸಂಜೆ ಗಂಡ ಮನೆಯ ಮೆಟ್ಟಿಲು ಹತ್ತುತ್ತಿರುವಾಗಲೇ, “ಚಪ್ಪಲಿ ಬಿಡಬೇಡಿರಿ, ಆಟೋ ಕರೆಯಿರಿ” ಎಂದಳು. ಆತನು, “ಜ್ವರವೇ ಇಲ್ಲವಲ್ಲ!” ಎಂದನು. “ಅದಕ್ಕೇ” ಎಂದಳು ಆಕೆ. ಡಾಕ್ಟರ ಮಾತು ಉಳಿದುದು ಆಕೆಯ ಮನಸ್ಸಿನಲ್ಲಿ.

ಈ ರೋಗವು ಒಳಗೆ ಮಾಡುವ ಕೆಲಸವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಜ್ವರವು ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ ಮೂರನೆಯ ದಿನದಿಂದ ಏಳನೆಯ ದಿನದೊಳಗೆ, ಕೆಲವರಲ್ಲಿ ಅತಿ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗುತ್ತದೆ. ರಕ್ತದ ಕಣಗಳು ನಾಳದಲ್ಲಿಯೇ ಉಳಿದು, ನೀರಿನ ಭಾಗ ಹೊರಕ್ಕೆ ಸೋರಿ ಹೊಟ್ಟೆಯಲ್ಲಿಯೂ ಪುಪ್ಪುಸದ ಸುತ್ತಲೂ ನಿಲ್ಲುತ್ತದೆ. ದೇಹದೊಳಗೆ ನೀರಿದ್ದೂ ಹರಿಯಬೇಕಾದ ಕಡೆ ನೀರಿಲ್ಲ. ಉಳಿದ ರಕ್ತ ಮಂದವಾಗುತ್ತದೆ; ಹೃದಯ ಬೇಗ ಬೇಗ ಬಡಿದು, ಕೈಕಾಲಿಗೆ ಹೋಗುವುದನ್ನು ತಡೆದು, ಮುಖ್ಯವಾದ ಅಂಗಗಳಿಗೆ ಕಳುಹಿಸುತ್ತದೆ. ಅಂಗಾಲು ತಣ್ಣಗಾಗುವುದು ಇದರಿಂದಲೇ. ಇಷ್ಟಾದರೂ ಮಗು ಮಾತನಾಡುತ್ತಿರುತ್ತದೆ, ಹೆಸರು ಕೇಳಿದರೆ ಹೇಳುತ್ತದೆ. ನೋಡುವವರಿಗೆ ಸುಸ್ತೆಂದೇ ತೋರುತ್ತದೆ. ಈ ಸೋರಿಕೆಯು ಒಂದೆರಡು ದಿನ, ಎಂದರೆ 24ರಿಂದ 48 ಗಂಟೆಗಳ ಕಾಲ ನಡೆದು ತಾನಾಗಿ ನಿಲ್ಲುತ್ತದೆ. ಆ ಗಂಟೆಗಳನ್ನು ದಾಟಿಸುವುದೇ ಚಿಕಿತ್ಸೆ.

ಆಸ್ಪತ್ರೆಯಲ್ಲಿ ನಾಡಿ ನೋಡಿದರು. ರಕ್ತದ ಒತ್ತಡ ನೋಡಿದರು. ಮೇಲಿನ ಅಂಕಿ 96, ಕೆಳಗಿನದು 74. ಮೇಲಿನ ಅಂಕಿ ಚೆನ್ನಾಗಿಯೇ ಇದೆಯಲ್ಲ ಎಂದು ಮೇಷ್ಟರು ಸಮಾಧಾನಪಟ್ಟರು. ಡಾಕ್ಟರು ನೋಡಿದುದು ಎರಡರ ನಡುವಣ ಅಂತರವನ್ನು. ಅದು 20ಕ್ಕೆ ಇಳಿಯಿತೆಂದರೆ ಆಘಾತದ ಸ್ಥಿತಿ. ಹುಡುಗಿ ಅದರ ಹೊಸ್ತಿಲಲ್ಲಿದ್ದಳು. ರಕ್ತದಲ್ಲಿ ಕಣಗಳ ಭಾಗ ಎರಡನೆಯ ದಿನ ನೂರಕ್ಕೆ 36 ಇದ್ದುದು ಈಗ 45 ಆಗಿತ್ತು. ಪ್ಲೇಟ್‌ಲೆಟ್ 42,000. ಕೂಡಲೆ ಕೈಗೆ ಸೂಜಿ ಚುಚ್ಚಿ ಉಪ್ಪುನೀರಿನ ಬಾಟಲಿ ಕಟ್ಟಿದರು.

ಆಮೇಲಿನ ಎರಡು ದಿನ ಮೇಷ್ಟರಿಗೆ ಒಂದೇ ಧ್ಯಾನ, ಪ್ಲೇಟ್‌ಲೆಟ್ಟಿನದು. 42,000 ಆದುದು 31,000 ಆಯಿತು, 24,000 ಆಯಿತು. ಚೀಟಿ ಬಂದಾಗಲೆಲ್ಲ ಆತನ ಮುಖ ಅದರೊಡನೆ ಇಳಿಯುತ್ತಿತ್ತು. ಬಂಧುಗಳ ದೂರವಾಣಿ ಕರೆಗಳು ಬೇರೆ: ಪರಂಗಿ ಎಲೆಯ ರಸ ಕುಡಿಸಿ, ಆಡಿನ ಹಾಲು ತನ್ನಿ, ಕಿವಿ ಹಣ್ಣು ತಿನ್ನಿಸಿ. ಸೋದರಮಾವನೊಬ್ಬನು ದಾವಣಗೆರೆಯಿಂದ ಒಂದು ಸೀಸೆ ಎಲೆಯ ರಸವನ್ನು ಹೊತ್ತೇ ಬಂದನು. ಪ್ರೀತಿಯಿಂದ ತಂದುದನ್ನು ಬೇಡವೆನ್ನುವುದೆಂತು? ತಾಯಿ ಅದನ್ನು ವಿನಯದಿಂದ ತೆಗೆದುಕೊಂಡು ಕಿಟಕಿಯ ಮೇಲಿಟ್ಟಳು. ವಾಂತಿ ಮಾಡುತ್ತಿದ್ದ ಮಗುವಿಗೆ ಆ ಕಹಿಯನ್ನು ಕುಡಿಸಲಿಲ್ಲ. ಪ್ಲೇಟ್‌ಲೆಟ್ಟನ್ನು ಹೊರಗಿನಿಂದ ಕೊಡಿಸಬೇಕೆಂದು ಮೇಷ್ಟರು ಮೂರು ಸಲ ಕೇಳಿದರು. ಡಾಕ್ಟರು, ರಕ್ತಸ್ರಾವವಿಲ್ಲದೆ ಕೇವಲ ಅಂಕಿ ಇಳಿದುದಕ್ಕೆ ಅದನ್ನು ಕೊಟ್ಟು ಪ್ರಯೋಜನವಿಲ್ಲವೆಂದು ಮೂರು ಸಲವೂ ಹೇಳಿದರು. ಆತನ ಕೈಗೆ ಒಂದು ಅಳತೆಯ ಪಾತ್ರೆ ಕೊಟ್ಟು, “ಇದರ ಲೆಕ್ಕ ಇಡಿ” ಎಂದರು. ಅದು ಮೂತ್ರದ ಲೆಕ್ಕ.

ಲೆಕ್ಕವಿಡುವ ಕೆಲಸ ಸಣ್ಣದಲ್ಲ. ಬಾಟಲಿಯ ನೀರು ಕಡಮೆಯಾದರೆ ನಾಡಿ ಸೋಲುತ್ತದೆ. ಹೆಚ್ಚಾದರೆ, ಸೋರಿಕೆ ನಿಂತ ತರುವಾಯ ಹೊರಗೆ ನಿಂತ ನೀರೆಲ್ಲ ನಾಳಕ್ಕೆ ಮರಳುವಾಗ ಪುಪ್ಪುಸದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ಆದಕಾರಣ ಗಂಟೆಗಂಟೆಗೂ ಹನಿಯ ವೇಗವನ್ನು ತಿದ್ದುತ್ತಿದ್ದರು. ಗಂಡಹೆಂಡಿರು ಸರದಿಯಲ್ಲಿ ಕುಳಿತು, ಹಳೆಯ ನೋಟುಬುಕ್ಕಿನ ಹಾಳೆಯಲ್ಲಿ ಎರಡು ಸಾಲು ಗೀಚಿ, ಒಳಗೆ ಹೋದುದನ್ನೂ ಹೊರಗೆ ಬಂದುದನ್ನೂ ಬರೆದರು. ಭಯದಲ್ಲಿರುವ ಮನುಷ್ಯನಿಗೆ ಬರೆಯಲು ಏನಾದರೂ ಇರುವುದು ಒಂದು ಆಧಾರ. ಆ ಹಾಳೆಯಲ್ಲಿ ಒಂದು ಕಡೆ ಮೇಷ್ಟರ ಅಕ್ಷರ ದುಂಡಗೆ, ಇನ್ನೊಂದು ಕಡೆ ಆಕೆಯದು ಓರೆಯಾಗಿ. ರಾತ್ರಿ ಎರಡು ಗಂಟೆಯಿಂದ ನಾಲ್ಕರವರೆಗೆ ಇಬ್ಬರದೂ ಇದೆ. ಸರದಿ ಮುಗಿದವರು ಮಲಗಲಿಲ್ಲವೆಂದು ಅರ್ಥ.

ಆ ಹೊತ್ತಿನಲ್ಲಿಯೇ ಆತನು ಹೆಂಡತಿಗೆ ಒಂದು ಸಂಗತಿ ಹೇಳಿದನು. ತಿಂಗಳ ಹಿಂದೆ ಆಶಾ ಕಾರ್ಯಕರ್ತೆಯೊಬ್ಬಳು ಟಾರ್ಚು ಹಿಡಿದು ಮನೆಗೆ ಬಂದು, ನೀರಿನ ಪಾತ್ರೆಗಳನ್ನು ನೋಡಬೇಕೆಂದಿದ್ದಳು. ಮೇಷ್ಟರು ನಗುತ್ತಲೇ, “ನಮ್ಮ ಮನೆ ಬಿಡಮ್ಮ, ನಾವೇ ಊರಿಗೆಲ್ಲ ಪಾಠ ಹೇಳುವವರು” ಎಂದು ಬಾಗಿಲಿನಲ್ಲೇ ರುಜು ಹಾಕಿ ಕಳುಹಿಸಿಬಿಟ್ಟಿದ್ದರು. ಹೆಂಡತಿ ಉತ್ತರ ಕೊಡಲಿಲ್ಲ. ಆಕೆಗೂ ಹೇಳಿಕೊಳ್ಳಬೇಕಾದುದೊಂದಿತ್ತು: ಬಚ್ಚಲ ಮನೆಯ ತಾಮ್ರದ ಹಂಡೆಯನ್ನು ಬರಿದು ಮಾಡಿ ಎಷ್ಟು ದಿನವಾಯಿತೋ ಆಕೆಗೆ ನೆನಪಿಲ್ಲ. ಅವರ ಬೀದಿಗೆ ನಲ್ಲಿಯ ನೀರು ದಿನವೂ ಬರುವುದಲ್ಲ. ಬಂದ ದಿನ ಹಂಡೆ, ಡ್ರಮ್ಮು, ಕೊಡ, ಬಿಂದಿಗೆ ಎಲ್ಲವನ್ನೂ ತುಂಬಿಡುವುದು ಬಯಲುಸೀಮೆಯ ಗೃಹಿಣಿಯ ಗುಣ, ದೋಷವಲ್ಲ. ಇದ್ದ ನೀರನ್ನು ಚೆಲ್ಲಿ ತುಂಬುವ ಧೈರ್ಯ ಆ ಸೀಮೆಯವರಿಗೆ ಬರುವುದೂ ಇಲ್ಲ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯ ಚೇಷ್ಟೆಯೆಲ್ಲ ಈ ಗುಣವನ್ನೇ ಹಿಡಿದು ನಡೆಯುತ್ತದೆ. ಕಾಲಿನಲ್ಲಿ ಬಿಳಿಯ ಪಟ್ಟೆಗಳುಳ್ಳ ಈ ಸೊಳ್ಳೆಗೆ ಚರಂಡಿ ಬೇಡ, ಕೊಚ್ಚೆ ಬೇಡ. ಮನೆಯೊಳಗಿನ ತಿಳಿನೀರು ಬೇಕು. ಕಚ್ಚುವುದೂ ಹಗಲಿನಲ್ಲಿ; ರಾತ್ರಿಯ ಸೊಳ್ಳೆಪರದೆ ಅದಕ್ಕೆ ಅಡ್ಡಿಯಲ್ಲ. ಮೊಟ್ಟೆಯನ್ನು ನೀರಿನ ಮಟ್ಟಕ್ಕೆ ತುಸು ಮೇಲೆ, ಪಾತ್ರೆಯ ಒಳಮೈಗೆ ಅಂಟಿಸುತ್ತದೆ; ಅದು ಒಣಗಿಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಮುಟ್ಟಿದೊಡನೆ ಒಡೆಯುತ್ತದೆ. ಆದುದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯನ್ನು ಉಜ್ಜಬೇಕು. ಮಲೇರಿಯವು ಸೊಳ್ಳೆಯಿಂದ ಹರಡುವುದೆಂಬುದನ್ನು ಸಾಧಿಸಿ ಕೊಟ್ಟ ರೊನಾಲ್ಡ್ ರಾಸನು, ಅದಕ್ಕೂ ಬಹಳ ಮೊದಲು, 1883ರಲ್ಲಿ, ಸೈನ್ಯದ ವೈದ್ಯನಾಗಿ ಬೆಂಗಳೂರಿನಲ್ಲಿದ್ದನು. ತನ್ನ ಬಂಗಲೆಯ ಸೊಳ್ಳೆಗಳು ಕಿಟಕಿಯ ಹೊರಗಿನ ನೀರಿನ ಪೀಪಾಯಿಯಲ್ಲಿ ಹುಟ್ಟುತ್ತಿರುವುದನ್ನು ಕಂಡು, ಪೀಪಾಯಿಯನ್ನು ಮಗುಚಿಹಾಕಿ ಕಾಟವನ್ನು ಕಡಮೆ ಮಾಡಿಕೊಂಡನಂತೆ. ಆಮೇಲೆ ಡೆಂಗ್ಯೂ ವೈರಾಣುವನ್ನು ಜಪಾನಿನ ವಿದ್ವಾಂಸರು 1943ರಲ್ಲಿ ಬೇರ್ಪಡಿಸಿದರು. ಅದರಲ್ಲಿ ನಾಲ್ಕು ಬಗೆಗಳುಂಟೆಂದು ತರುವಾಯ ತಿಳಿಯಿತು. ಇಷ್ಟೆಲ್ಲ ವಿದ್ಯೆ ಬೆಳೆದರೂ ಗೃಹಸ್ಥನ ಪಾಲಿಗೆ ಬಂದ ಕೆಲಸ ರಾಸನು ಮಾಡಿದುದೇ.

ಹಾಗೆಂದು ಮಗುವಿಗೆ ಕಚ್ಚಿದ ಸೊಳ್ಳೆ ಆ ಹಂಡೆಯದೆಂದು ಯಾರು ಹೇಳಬಲ್ಲರು? ಕಚ್ಚಿದ ನಾಲ್ಕರಿಂದ ಹತ್ತು ದಿನಗಳ ಮೇಲೆ ಜ್ವರ ಬರುತ್ತದೆ. ಅಷ್ಟರಲ್ಲಿ ಹುಡುಗಿ ಶಾಲೆಯಲ್ಲಿದ್ದಳು, ಗೆಳತಿಯ ಮನೆಯಲ್ಲಿದ್ದಳು, ಮದುವೆಯೊಂದಕ್ಕೂ ಹೋಗಿಬಂದಿದ್ದಳು. ಈ ತರ್ಕವನ್ನು ಮೇಷ್ಟರು ತಮಗೆ ತಾವೇ ಹಲವು ಸಲ ಹೇಳಿಕೊಂಡರು. ತರ್ಕ ಸರಿಯಾಗಿಯೇ ಇತ್ತು. ಎದೆಯ ಭಾರ ಅದರಿಂದ ಇಳಿಯಲಿಲ್ಲ.

ಏಳನೆಯ ದಿನ ನಸುಕಿನಲ್ಲಿ ಹುಡುಗಿ ಎದ್ದು ಕುಳಿತು, “ಅಮ್ಮ, ಉಪ್ಪಿಟ್ಟು” ಎಂದಳು. ಪ್ಲೇಟ್‌ಲೆಟ್ ಆಗ ಇನ್ನೂ 26,000ವೇ. ಆದರೆ ರಕ್ತದ ಕಣಗಳ ಭಾಗ 38ಕ್ಕೆ ಇಳಿದಿತ್ತು, ಒತ್ತಡದ ಎರಡು ಅಂಕಿಗಳು ದೂರ ಸರಿದಿದ್ದುವು, ಅಂಗಾಲು ಬೆಚ್ಚಗಿತ್ತು. ಡಾಕ್ಟರು ಬಾಟಲಿಯನ್ನು ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಕಾಲಿನ ತುಂಬ ಕೆಂಪು ದದ್ದು, ಅದರ ನಡುನಡುವೆ ಬಿಳಿಯ ಚುಕ್ಕೆಗಳು; ಅಂಗೈ ಅಂಗಾಲು ವಿಪರೀತ ನವೆ. ಅಜ್ಜಿ ಹೆದರಿದರು. ಅದು ಗುಣವಾಗುತ್ತಿರುವ ಲಕ್ಷಣವೆಂದು ತಿಳಿದ ಮೇಲೆ, ರಾತ್ರಿಯೆಲ್ಲ ಕುಳಿತು ಮೊಮ್ಮಗಳ ಅಂಗಾಲನ್ನು ಸೆರಗಿನಿಂದ ಮೆಲ್ಲಗೆ ಒರಸಿದರು.

ಮನೆಗೆ ಬಂದ ದಿನ ಮೇಷ್ಟರು ಅಂಗಿ ಕಳಚಿ, ಪಂಚೆಯನ್ನು ಎತ್ತಿ ಕಟ್ಟಿ, ಹಂಡೆಯನ್ನು ಹಿತ್ತಲಿಗೆ ಉರುಳಿಸಿಕೊಂಡು ಹೋದರು. ಬೆಳಕಿನಲ್ಲಿ ನೋಡಿದರೆ ತಳದ ಅರ್ಧ ಗೇಣು ನೀರಿನಲ್ಲಿ ಮರಿಹುಳುಗಳು, ಕರಿಹಲಗೆಯ ಮೇಲೆ ಅವರೇ ಬರೆಯುತ್ತಿದ್ದಂತೆ, ತಲೆಕೆಳಗಾಗಿ ತೂಗಾಡುತ್ತಿದ್ದುವು. ಯಾರನ್ನೂ ಕರೆಯಲಿಲ್ಲ. ನೀರನ್ನು ಬಿಸಿಲಿನ ನೆಲಕ್ಕೆ ಚೆಲ್ಲಿ, ಹುಣಸೆಹಣ್ಣು ತೆಂಗಿನ ನಾರುಗಳಿಂದ ಒಳಮೈಯನ್ನು ಕಂಠದಿಂದ ತಳದವರೆಗೆ ಗಂಟೆಹೊತ್ತು ಉಜ್ಜಿದರು. ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ನಿಂತು, ಒಂದು ಬಿಂದಿಗೆ ನೀರನ್ನು ಪಕ್ಕದಲ್ಲಿಟ್ಟು ಒಳಗೆ ಹೋದಳು. ಅಂದಿನಿಂದ ಶುಕ್ರವಾರ ಶುಕ್ರವಾರ ಆ ಕೆಲಸ ಮೇಷ್ಟರದು. ಟಾರ್ಚಿನ ಹೆಣ್ಣುಮಗಳು ಮುಂದಿನ ತಿಂಗಳು ಬಂದಾಗ ಅವರೇ ದೀಪ ಹಿಡಿದು ಒಳಗೆ ಕರೆದುಕೊಂಡು ಹೋದರು. ಕಾಫಿ ಕುಡಿಯದೆ ಬಿಡಲಿಲ್ಲ. ಒಂದು ಬಗೆಯ ಡೆಂಗ್ಯೂ ಬಂದುಹೋದವರಿಗೆ ಮತ್ತೊಂದು ಬಗೆಯದು ಬಂದರೆ ಹೆಚ್ಚು ಉಗ್ರವಾಗಬಹುದೆಂದು ಡಾಕ್ಟರು ಹೇಳಿ ಕಳುಹಿಸಿದ್ದರು. ಇನ್ನೂ ಮೂರು ಬಗೆಗಳುಂಟು.

ಕಾರ್ತಿಕದಲ್ಲಿ ಮುಡಿಪು ಒಪ್ಪಿಸಲು ಎಲ್ಲರೂ ಕೋಟೆ ಹತ್ತಿದರು. ಅಜ್ಜಿ ಬಾಗಿಲು ಬಾಗಿಲಿಗೂ ಕುಳಿತು ಏಳುತ್ತ, ಅಂತೂ ಏಕನಾಥೇಶ್ವರಿಯ ಗುಡಿ ಸೇರಿ ರೂಪಾಯಿಯನ್ನು ಹಾಕಿದರು. ಇಳಿಯುವಾಗ ಅಕ್ಕತಂಗಿಯರ ಹೊಂಡದ ಬಳಿ ಹುಡುಗಿ ನಿಂತಳು.

“ಅಪ್ಪ, ಇಷ್ಟೊಂದು ನೀರಿದೆಯಲ್ಲ, ಇದನ್ನು ಯಾರು ಉಜ್ಜುತ್ತಾರೆ?”

ಮೇಷ್ಟರಿಗೆ ನಗು ಬಂದಿತು. ಎಷ್ಟೋ ದಿನಗಳ ಮೇಲೆ ಬಂದ ನಗು. “ಮೀನಿದ್ದರೆ ಅವೇ ಹುಳುಗಳನ್ನು ತಿಂದುಬಿಡುತ್ತವೆ, ಮಗಳೇ” ಎಂದರು. ಮೀನು ಕಂಡೀತೇ ಎಂದು ಹುಡುಗಿ ಅಂಚಿನಿಂದ ಬಗ್ಗಿ ನೋಡಿದಳು. ತಾಯಿ ಅವಳ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ತಾನೂ ಬಗ್ಗಿ ನೋಡಿದಳು.