ತಿದ್ದುವ ಸುಖ

ಬರೆಯುವುದಕ್ಕಿಂತ ತಿದ್ದುವುದು ನನಗೆ ಹೆಚ್ಚು ಇಷ್ಟ. ಮೊದಲ ಕರಡನ್ನು ಬೆಳಗಿನ ಜಾವ, ಮನೆಯವರು ಏಳುವ ಮೊದಲು, ಹಾಳೆಯ ಒಂದೇ ಮಗ್ಗುಲಿಗೆ ಗೀಚಿ ಮುಗಿಸುತ್ತೇನೆ. ಸಾಲುಗಳ ನಡುವೆ ಧಾರಾಳ ಜಾಗ ಬಿಡುತ್ತೇನೆ. ಆ ಜಾಗವೆಲ್ಲ ಮರುದಿನದ ಪೆನ್ಸಿಲ್ಲಿಗೆ ಮೀಸಲು.

ಕನ್ನಡದಲ್ಲಿ ತಿದ್ದಲು ಕೂತವರಿಗೆ ಮೊದಲು ಎದುರಾಗುವುದು ವಾಕ್ಯದ ಬಾಲ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಹಾಗಾಗಿ ‘ಬಂದ, ಕೂತ, ನೋಡಿದ, ಎದ್ದ’ ಎಂದು ಸಾಲುಸಾಲಿಗೂ ಒಂದೇ ಪೆಟ್ಟು ಬೀಳುತ್ತದೆ. ಕಣ್ಣಿಗೆ ಇದು ಕಾಣಿಸದು. ಗಟ್ಟಿಯಾಗಿ ಓದಿದಾಗಲೇ ಕಿವಿ ತಕರಾರು ತೆಗೆಯುವುದು. ಆಗ ಒಂದು ಕ್ರಿಯೆಯನ್ನು ‘ಕೂತು’ ಎಂದು ಮುಂದಿನದಕ್ಕೆ ಹೊಸೆಯಬೇಕು. ಇನ್ನೊಂದೆಡೆ ಕ್ರಿಯಾಪದವನ್ನೇ ಕೈಬಿಟ್ಟು ನೋಡಬೇಕು. ಮತ್ತೊಂದೆಡೆ ನಾನು ಸುಮ್ಮನಾಗಿ ಪಾತ್ರಕ್ಕೇ ಮಾತಾಡಲು ಬಿಡಬೇಕು. ಹೀಗೆ ಒದ್ದಾಡುತ್ತಿರುವಾಗ ಯಾವುದೋ ಗಳಿಗೆಯಲ್ಲಿ ಇಡೀ ಪ್ಯಾರಾ ಸರಾಗವಾಗಿ ನಡೆಯತೊಡಗುತ್ತದೆ. ಆ ಗಳಿಗೆಗೆ ಯಾವ ಸಂಭಾವನೆಯೂ ಸಮವಲ್ಲ.

ಪಾತ್ರಗಳ ಮಾತನ್ನು ತಿದ್ದುವುದು ಇನ್ನೂ ಕಷ್ಟ, ಇನ್ನೂ ರುಚಿ. ಕುಂದಾಪುರದ ಅಜ್ಜಿಯ ಬಾಯಲ್ಲಿ ‘ಹೋಪುದು, ಬಪ್ಪುದು’ ಬರಬೇಕಾದಲ್ಲಿ ‘ಹೋಗುವುದು, ಬರುವುದು’ ಬಂತೋ, ಅಜ್ಜಿ ಎದ್ದು ಹೋದಂತೆಯೇ. ವೈದೇಹಿಯವರ ಕಥೆಗಳನ್ನು ಗಟ್ಟಿಯಾಗಿ ಓದುತ್ತಲೇ ನಾನಿದನ್ನು ಕಲಿತದ್ದು. ಅವರಲ್ಲಿ ಆ ನುಡಿ ಅಲಂಕಾರಕ್ಕೆಂದು ಬಂದದ್ದಲ್ಲ, ಹೆಂಗಸರ ಸಂಕಟವೂ ನಗುವೂ ಅದರೊಳಗೇ ಹುಟ್ಟುತ್ತವೆ. ಅಂಥ ಮಾತು ಹಿಡಿಯಲೆಂದೇ, ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕರೂ ನನ್ನ ಗಮನವೆಲ್ಲ ಹಿಂದಿನ ಸೀಟಿನ ಮಾತುಕತೆಯ ಮೇಲೆ.

ಶಿವರಾಮ ಕಾರಂತರು ‘ಚೋಮನ ದುಡಿ’ ಕಾದಂಬರಿಯನ್ನು ಐದೇ ದಿನಗಳಲ್ಲಿ ಬರೆದರೆಂಬುದು ಪ್ರಸಿದ್ಧ. ಅದು ಅಚ್ಚಾದದ್ದು 1933ರಲ್ಲಿ. ಹಾಗಾದರೆ ಅವರು ತಿದ್ದಿದ್ದು ಯಾವಾಗ? ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟು ಹೊರಟವರು ದಕ್ಷಿಣ ಕನ್ನಡದ ಹಳ್ಳಿಹಳ್ಳಿ ಅಲೆದಿದ್ದರು. ಚೋಮನ ಬೇಸಾಯದ ಆಸೆ ಹಾಳೆಗೆ ಇಳಿಯುವ ಮೊದಲೇ ಅವರೊಳಗೆ ಹಲವು ಸಲ ತಿದ್ದಿಸಿಕೊಂಡಿರಬೇಕು ಎಂದೇ ನನ್ನ ನಂಬಿಕೆ. ಕುವೆಂಪು ಅವರದು ಇನ್ನೊಂದು ದಾರಿ. ‘ಶ್ರೀ ರಾಮಾಯಣ ದರ್ಶನಂ’ 1936ರಿಂದ 1946ರವರೆಗೆ ಅವರನ್ನು ಹಿಡಿದಿಟ್ಟಿತು. ಯಶವಂತ ಚಿತ್ತಾಲರು ಮುಂಬೈಯಲ್ಲಿ ಪಾಲಿಮರ್ ಉದ್ಯಮದ ನೌಕರಿ ಮಾಡುತ್ತಲೇ ಹುಟ್ಟೂರು ಹನೇಹಳ್ಳಿಯನ್ನು ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರೆದರು. ಒಂದೇ ಊರಿಗೆ ಹಾಗೆ ಮರಳುವುದೂ ನನ್ನ ಲೆಕ್ಕದಲ್ಲಿ ತಿದ್ದುವುದೇ. ಮೂವರಲ್ಲಿ ನನಗೆ ಹತ್ತಿರದವರು ಚಿತ್ತಾಲರು. ದುಡಿಮೆಯ ದಿನದಿಂದ ಗಂಟೆ ಕದ್ದು ಬರೆಯುವವರಿಗೆ ಅವರು ದೊಡ್ಡ ಧೈರ್ಯ.

ಲೇಖನ ಕಳಿಸಿದ ಮೇಲೆ ಸಂಪಾದಕರ ಫೋನು ಬರುತ್ತದೆ: ‘ಪುಟದಲ್ಲಿ ಜಾಗ ಸಾಲುತ್ತಿಲ್ಲ, ನಾಲ್ಕು ಸಾಲು ಕಡಿಮೆ ಮಾಡಿಕೊಡ್ತೀರಾ?’ ಕೇಳಿ ಖುಷಿಯಾಗುತ್ತದೆ, ಮತ್ತೊಮ್ಮೆ ಮೊದಲಿಂದ ಓದಬಹುದಲ್ಲ ಎಂದು. ಪೆನ್ಸಿಲ್ ಹಿಡಿದು ಹುಡುಕುವುದು ಕೊನೆಯ ಪ್ಯಾರಾದಲ್ಲೇ. ವಿಷಯ ಮುಗಿದ ಮೇಲೂ ಮಾತು ಉಳಿದಿರುವುದು ಹೆಚ್ಚಾಗಿ ಅಲ್ಲಿ.