ಒಂದು ಲಕ್ಷಣ, ನಾಲ್ಕು ಕಾರಣ

ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆಯ ಬಗ್ಗೆ ಬರೆಯಬೇಕಾದ ಈ ಲೇಖನವನ್ನು ಸೈಕಲ್ಲಿನಿಂದ ಶುರು ಮಾಡುತ್ತಿದ್ದೇನೆ. ಕಾರಣವಿದೆ. ನಾನಿರುವುದು ಮಾಕಳಿಯಲ್ಲಿ. ತುಮಕೂರು ರಸ್ತೆಯಲ್ಲಿ ಬೆಳಗಿನ ಜಾವ ನೆಲಮಂಗಲ, ಶಿವಗಂಗೆಯ ಕಡೆಗೆ ಹೋಗುವ ಸೈಕಲ್ ಸವಾರರನ್ನು ನೋಡಿ ನೋಡಿ ನಾನೂ ಒಂದು ಹಳೆಯ ರೋಡ್ ಬೈಕ್ ಕೊಂಡೆ. ಅದರ ಮುಂದಿನ ಗೇರನ್ನು ಸರಿಮಾಡಲು ಕಲಿತದ್ದು ಬೋಧನಾಭ್ಯಾಸದ ದಿನಗಳಲ್ಲೇ. ಎರಡೂ ಕೆಲಸ ಒಟ್ಟಿಗೆ ನಡೆದದ್ದರಿಂದ ಒಂದು ಇನ್ನೊಂದಕ್ಕೆ ನೆರವಾಯಿತು.

ರೋಡ್ ಬೈಕಿನ ಪೆಡಲ್ ಬಳಿ ಸಾಮಾನ್ಯವಾಗಿ ಎರಡು ಹಲ್ಲುಚಕ್ರಗಳಿರುತ್ತವೆ. ನನ್ನ ಸೈಕಲ್ಲಿನಲ್ಲಿ ದೊಡ್ಡದಕ್ಕೆ 50 ಹಲ್ಲು, ಚಿಕ್ಕದಕ್ಕೆ 34. ಹಿಂದಿನ ಹಲ್ಲುಚಕ್ರಗಳಲ್ಲಿ ತೀರ ಚಿಕ್ಕದಕ್ಕೆ 12, ತೀರ ದೊಡ್ಡದಕ್ಕೆ 25. ಮುಂದಿನ ಎರಡು ಚಕ್ರಗಳ ನಡುವೆ ಚೈನನ್ನು ದಾಟಿಸುವ ಭಾಗಕ್ಕೆ ಫ್ರಂಟ್ ಡಿರೇಲರ್ ಎನ್ನುತ್ತಾರೆ. ಅದರ ರಚನೆ ಸರಳ. ಎರಡು ಲೋಹದ ಪಟ್ಟಿಗಳು, ಅವುಗಳ ನಡುವೆ ಹಾದುಹೋಗುವ ಚೈನು. ಹ್ಯಾಂಡಲ್ಲಿನ ಲಿವರ್ ಒತ್ತಿದರೆ ಕೇಬಲ್ ಎಳೆದು ಪಟ್ಟಿಗಳು ಹೊರಕ್ಕೆ ಸರಿಯುತ್ತವೆ. ಬಿಟ್ಟರೆ ಸ್ಪ್ರಿಂಗ್ ಒಳಕ್ಕೆ ತರುತ್ತದೆ. ಒಳಕ್ಕೆ ಎಷ್ಟು ಬರಬೇಕೆಂದು 'ಎಲ್' ಸ್ಕ್ರೂ, ಹೊರಕ್ಕೆ ಎಷ್ಟು ಹೋಗಬೇಕೆಂದು 'ಎಚ್' ಸ್ಕ್ರೂ ಮಿತಿ ಹಾಕುತ್ತವೆ.

ಇದರಲ್ಲಿ ಪದೇಪದೇ ಕಾಣುವ ತೊಂದರೆ, ಚೈನು 34ರಿಂದ 50ಕ್ಕೆ ಹತ್ತದಿರುವುದು. ನೋಡುವವರಿಗೆ ಲಕ್ಷಣ ಒಂದೇ. ಕಾರಣ ಮಾತ್ರ ನಾಲ್ಕರಲ್ಲಿ ಯಾವುದೂ ಇರಬಹುದು. ಡಿರೇಲರ್ ಅನ್ನು ತೀರ ಮೇಲಕ್ಕೋ ಓರೆಯಾಗಿಯೋ ಕೂರಿಸಿರಬಹುದು. ಕೇಬಲ್ ಸಡಿಲವಾಗಿರಬಹುದು. ಕೇಬಲ್ ಸರಿಯಿದ್ದೂ ಅದರ ಹೊರಕವಚದೊಳಗೆ ಧೂಳು, ತುಕ್ಕು ಸೇರಿ ಹಿಡಿಯುತ್ತಿರಬಹುದು. ಇಲ್ಲವೇ 'ಎಚ್' ಸ್ಕ್ರೂ ಅತಿಯಾಗಿ ಬಿಗಿಯಾಗಿರಬಹುದು. ಕಣ್ಣಿಗೆ ಕಾಣುವುದು ಸ್ಕ್ರೂ, ಕೈಯಲ್ಲಿರುವುದು ಸ್ಕ್ರೂಡ್ರೈವರ್. ಹಾಗಾಗಿ ಮೊದಲು ಅದನ್ನೇ ತಿರುಗಿಸಬೇಕೆನಿಸುತ್ತದೆ. ಕೇಬಲ್ ಸಡಿಲವಿರುವಾಗ 'ಎಚ್' ಸ್ಕ್ರೂ ಸಡಿಲಿಸಿದರೆ ಚೈನು ಹತ್ತುವುದಿಲ್ಲ. ಮುಂದೆ ಯಾರಾದರೂ ಕೇಬಲ್ ಬಿಗಿಮಾಡಿದ ದಿನ ಅದು 50ರ ಚಕ್ರವನ್ನೂ ದಾಟಿ ಪೆಡಲ್ ಕಡೆಗೆ ಹೊರಬೀಳುತ್ತದೆ. ತುಮಕೂರು ರಸ್ತೆಯಲ್ಲಿ ಹಿಂದಿನಿಂದ ಲಾರಿ ಬರುತ್ತಿರುವಾಗ ಹಾಗಾಗುವುದು ತಮಾಷೆಯಲ್ಲ.

ಅದಕ್ಕೇ ಈ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಕೂರಿಸಿರುವ ಜಾಗ: ಹೊರಪಟ್ಟಿಯ ಅಂಚಿಗೂ ದೊಡ್ಡ ಚಕ್ರದ ಹಲ್ಲಿಗೂ ನಡುವೆ 1ರಿಂದ 3 ಮಿ.ಮೀ. ಅಂತರವಿದ್ದು, ಪಟ್ಟಿ ಚಕ್ರಕ್ಕೆ ಸಮಾನಾಂತರವಾಗಿರಬೇಕು. ಆಮೇಲೆ ಕೇಬಲ್ ಬಿಚ್ಚಿ, ಚೈನನ್ನು 34–25ರ ಜೋಡಿಗೆ ತಂದು, ಒಳಪಟ್ಟಿ ಚೈನಿಗೆ ತಾಗೀ ತಾಗದ ಹಾಗೆ 'ಎಲ್' ಸ್ಕ್ರೂ. ಬಳಿಕ ಕೇಬಲ್ ಎಳೆದು ಕಟ್ಟಿ ಅದರ ಬಿಗಿ. ಕೊನೆಗೆ 50–12ರ ಜೋಡಿಯಲ್ಲಿ 'ಎಚ್' ಸ್ಕ್ರೂ. ಕೇಬಲ್ ಬಿಚ್ಚದೆ 'ಎಲ್' ಮುಟ್ಟಿದರೆ, ಬಿಗಿಯಾದ ಕೇಬಲ್ಲೇ ಪಟ್ಟಿಯನ್ನು ತಡೆದಿರುತ್ತದೆ. ಸ್ಕ್ರೂ ಎಷ್ಟು ಸಡಿಲಿಸಿದರೂ ಏನೂ ಬದಲಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತು, ಆಮೇಲೆ ಪೆಡಲ್ ತಿರುಗಿಸಿ ನೋಡುವುದು. ಎರಡನ್ನು ಒಟ್ಟಿಗೆ ತಿರುಗಿಸಿದರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯ 8ನೇ ತರಗತಿಯಲ್ಲಿ ಸಮಾನುಪಾತದ ಮೇಲೆ ನೈದಾನಿಕ ಪರೀಕ್ಷೆ ಕೊಡಬೇಕಾಗಿತ್ತು. ನನ್ನ ಸೈಕಲ್ಲಿನ ಸಂಖ್ಯೆಗಳನ್ನೇ ಒಂದು ಪ್ರಶ್ನೆಯಾಗಿ ಹಾಕಿದೆ: 50 : 25 = 34 : ? ಉತ್ತರ 17. ತಪ್ಪಿದವರಲ್ಲಿ ಮೂರು ಬಗೆಯವರಿದ್ದರು. ಒಬ್ಬ ಹುಡುಗಿ 9 ಎಂದು ಬರೆದಿದ್ದಳು. ಇನ್ನೊಬ್ಬ ಹುಡುಗ 68 ಎಂದು. ಮತ್ತೊಬ್ಬ ಏನೂ ಬರೆದಿರಲಿಲ್ಲ. ಅಂಕಪಟ್ಟಿಯಲ್ಲಿ ಮೂವರಿಗೂ ಸೊನ್ನೆ. 'ಸಮಾನುಪಾತ ಬರುವುದಿಲ್ಲ' ಎಂಬ ಒಂದೇ ಸಾಲು ಮೂವರಿಗೂ ಸಾಕಾಗುತ್ತಿತ್ತು, ಅದೇ ಲೆಕ್ಕಗಳನ್ನು ಇನ್ನೊಮ್ಮೆ ಮಾಡಿಸುವುದೇ ಪರಿಹಾರ ಬೋಧನೆಯೂ ಆಗುತ್ತಿತ್ತು.

ಒಬ್ಬೊಬ್ಬರನ್ನೇ ಕರೆದು, "ಇದನ್ನ ಹೇಗೆ ಮಾಡಿದೆ, ಹೇಳು" ಎಂದೆ. 9 ಬರೆದವಳು, "50ರಲ್ಲಿ 25 ಕಳೀತು ಮಿಸ್, ಅದಕ್ಕೆ 34ರಲ್ಲೂ 25 ಕಳೆದೆ" ಎಂದಳು. ಅವಳಿಗೆ ಅನುಪಾತವೆಂದರೆ ವ್ಯತ್ಯಾಸ. 68 ಬರೆದವನು ಎರಡರ ಸಂಬಂಧವನ್ನು ಸರಿಯಾಗಿ ಹಿಡಿದಿದ್ದ. ಅರ್ಧ ಮಾಡುವ ಬದಲು ಎರಡರಷ್ಟು ಮಾಡಿದ್ದ. ಖಾಲಿ ಬಿಟ್ಟವನು ಪೀಣ್ಯದ ಕಾರ್ಖಾನೆ ಕೆಲಸಕ್ಕೆ ಬಂದ ತೆಲುಗು ಮನೆಮಾತಿನ ಕುಟುಂಬದವನು. "50ಕ್ಕೆ 25 ಆದ್ರೆ 34ಕ್ಕೆ ಎಷ್ಟಪ್ಪಾ?" ಎಂದು ಬಾಯಲ್ಲಿ ಕೇಳಿದೆ. "17" ಅಂದ, ತಡಮಾಡದೆ. ಅವನಿಗೆ ಬಾರದಿದ್ದದ್ದು ಪ್ರಶ್ನೆಯ ಮೇಲಿದ್ದ 'ಸಮಾನುಪಾತದಲ್ಲಿರುವಂತೆ ಬಿಟ್ಟ ಸ್ಥಳ ತುಂಬಿ' ಎಂಬ ಸಾಲು.

ಮೂವರಿಗೆ ಮೂರು ಪರಿಹಾರ. ಹುಡುಗಿಗಾಗಿ ಸೈಕಲ್ಲನ್ನು ವರಾಂಡದಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ. ಹಿಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಚೈನನ್ನು 50–25ಕ್ಕೆ ತಂದು, ಪೆಡಲ್ಲನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಲು ಹೇಳಿದೆ. ಚಕ್ರ ಎರಡು ಸುತ್ತು ತಿರುಗಿತು. (ಓಡಿಸುವಾಗ ಈ ಜೋಡಿ ಒಳ್ಳೆಯದಲ್ಲ, ಚೈನು ಓರೆಯಾಗಿ ಎಳೆಯುತ್ತದೆ, ಕೈಯಲ್ಲಿ ತಿರುಗಿಸಲು ಅಡ್ಡಿಯಿಲ್ಲ.) ಆಮೇಲೆ 34–17. ಮತ್ತೆ ಎರಡೇ ಸುತ್ತು. ಅವಳು ತುಸು ಹೊತ್ತು ನೋಡಿ, "9 ಹಲ್ಲಿಂದು ಹಾಕಿದ್ರೆ ಇನ್ನೂ ಜಾಸ್ತಿ ಸುತ್ತುತ್ತೆ ಅಲ್ವಾ ಮಿಸ್?" ಎಂದಳು. 68 ಬರೆದವನಿಗೆ ಬೇಕಾದದ್ದು ಕಾಲು ಸುತ್ತಿನಷ್ಟೇ: ಯಾವುದು ಮೊದಲು, ಯಾವುದು ಆಮೇಲೆ ಎಂದು ಗುರುತಿಸುವ ಅಭ್ಯಾಸ. ಮೂರನೆಯವನಿಗೆ ಗಣಿತದ ಪರಿಹಾರ ಬೋಧನೆ ಬೇಕಿರಲೇ ಇಲ್ಲ, ಗಣಿತದ ಕನ್ನಡ ಬೇಕಿತ್ತು. ಮೂವರ ಉತ್ತರಗಳನ್ನೂ ಅವರ ವಿವರಣೆಗಳನ್ನೂ ಮಾರ್ಗದರ್ಶಿ ಶಿಕ್ಷಕರಿಗೆ ತೋರಿಸಿದೆ. ನಿಧಾನ ಕಲಿಕೆಯವರ ಪಟ್ಟಿಯಿಂದ ಅವನ ಹೆಸರು ಹೊರಬಂತು.

ಇದಕ್ಕೆ ಗೇರ್ ಸೈಕಲ್ಲೇ ಬೇಕೆಂದಿಲ್ಲ. 2006-07ರಲ್ಲಿ ಆರಂಭವಾದ ಉಚಿತ ಬೈಸಿಕಲ್ ಯೋಜನೆಯಿಂದ 8ನೇ ತರಗತಿಯವರಿಗೆ ಬಂದ, ಈಗ ಅಕ್ಕ-ಅಣ್ಣಂದಿರಿಂದ ತಮ್ಮ-ತಂಗಿಯರಿಗೆ ದಾಟಿರುವ ಸೈಕಲ್ಲುಗಳು ಹಲವು ಮನೆಗಳಲ್ಲಿವೆ. ಮುಂದೊಂದು ಹಲ್ಲುಚಕ್ರ, ಹಿಂದೊಂದು. ಮಕ್ಕಳೇ ಹಲ್ಲು ಎಣಿಸಿ, ಅನುಪಾತ ಬರೆದು, ಚಕ್ರ ತಿರುಗಿಸಿ ತಾಳೆ ನೋಡಬಹುದು. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುವುದನ್ನು ನಾವು ಪರೀಕ್ಷೆಯಲ್ಲಿ ಬರೆಯುತ್ತೇವೆ. ಸೈಕಲ್ ಸ್ಟ್ಯಾಂಡಿನಲ್ಲಿ ಅದನ್ನು ಮಾಡಿಯೂ ನೋಡಬಹುದು.

ಈ ಹೋಲಿಕೆ ಒಂದು ಕಡೆ ನಿಂತುಹೋಗುತ್ತದೆ. ಸ್ಕ್ರೂವನ್ನು ಬೇಡದ ಕಡೆಗೆ ತಿರುಗಿಸಿದರೆ ಅಷ್ಟೇ ಹಿಂದಕ್ಕೆ ತಿರುಗಿಸಬಹುದು. 'ನಿನಗೆ ಗಣಿತ ಬರುವುದಿಲ್ಲ' ಎಂದು ಒಮ್ಮೆ ಪಟ್ಟಿಗೆ ಸೇರಿಸಿದ ಮಗುವನ್ನು ಹಾಗೆ ಹಿಂದಕ್ಕೆ ತರಲಾಗುವುದಿಲ್ಲ. ಅದು ಪಟ್ಟಿಯನ್ನು ನಂಬಿಬಿಡುತ್ತದೆ. ಆದ್ದರಿಂದ ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಸಣ್ಣದು. ನೈದಾನಿಕ ಪರೀಕ್ಷೆಯ ದಾಖಲೆಯಲ್ಲಿ 'ತಪ್ಪು' ಮತ್ತು 'ಪರಿಹಾರ' ಎಂಬ ಅಂಕಣಗಳ ನಡುವೆ 'ಮಗು ಹೇಳಿದ ಕಾರಣ' ಎಂದು ಇನ್ನೊಂದನ್ನು ಸೇರಿಸಿಕೊಳ್ಳಿ. ಅದು ತುಂಬುವವರೆಗೆ ಮುಂದಿನ ಅಂಕಣ ಖಾಲಿಯಿರಲಿ.